ಬ್ರೌಸರ್ ಕುಕಿ ಅಂದ್ರೆ ಚಪ್ಪಲಿ ಸ್ಟ್ಯಾಂಡಿನ ಬಿಲ್ಲೆ: ನೀವೇ ತೆಗೆದು ನೋಡಿ, ನೀವೇ ಸರಿ ಮಾಡ್ಕೊಳ್ಳಿ

ನಮ್ಮ ಚಿಕ್ಕಮ್ಮನ ಮಗ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಅಂತ ಬಸ್ ಸ್ಟ್ಯಾಂಡ್ ಪಕ್ಕದ ಒಂದು ಸೈಬರ್ ಸೆಂಟರಿಗೆ ಹೋಗಿದ್ದ. ಮಾರ್ಕ್ಸ್ ಕಾರ್ಡು, ಜಾತಿ ಆದಾಯ ಸರ್ಟಿಫಿಕೇಟು ಎಲ್ಲ ಮೇಲ್‌ನಲ್ಲೇ ಇಟ್ಕೊಂಡಿದ್ನಲ್ಲ, ಅಲ್ಲೇ ಮೇಲ್ ಓಪನ್ ಮಾಡಿ, ಡೌನ್‌ಲೋಡ್ ಮಾಡಿ, ಅಪ್‌ಲೋಡ್ ಮಾಡಿ, ಪ್ರಿಂಟ್ ತಗೊಂಡು, ಬ್ರೌಸರ್ ಮೇಲ್ಗಡೆ ಇರೋ ಇಂಟು ಮಾರ್ಕ್ ಒತ್ತಿ ಎದ್ದು ಬಂದ. ಮಾರನೇ ದಿನ ಅವನ ಕ್ಲಾಸಿನ ಹುಡುಗಿ ಒಬ್ಳು ಫೋನ್ ಮಾಡಿ, ನಾನು ಅದೇ ಸೈಬರಲ್ಲಿ ಕೂತಿದೀನಿ, ಜಿಮೇಲ್ ಓಪನ್ ಮಾಡಿದ್ರೆ ನಿನ್ ಇನ್‌ಬಾಕ್ಸ್ ಬರ್ತಿದೆ ಕಣೋ ಅಂದ್ಲು. ಇವನಿಗೆ ಕೈಕಾಲು ತಣ್ಣಗಾಗಿ ನನಗೆ ಫೋನ್ ಹಚ್ಚಿದ. "ಅಣ್ಣ, ನಾನು ಬ್ರೌಸರ್ ಕ್ಲೋಸ್ ಮಾಡಿದ್ದೆ, ಪಾಸ್‌ವರ್ಡ್ ಸೇವ್ ಮಾಡ್ಲಾ ಅಂತ ಕೇಳಿದಾಗ ಬೇಡ ಅಂತಾನೇ ಒತ್ತಿದ್ದೆ, ಆದ್ರೂ ಹೆಂಗೆ ಓಪನ್ ಆಯ್ತು? ಪಾಸ್‌ವರ್ಡ್ ಯಾರಿಗೋ ಗೊತ್ತಾಗಿದೆಯಾ?"

ಪಾಸ್‌ವರ್ಡ್ ಯಾರಿಗೂ ಗೊತ್ತಾಗಿರಲಿಲ್ಲ. ಆ ಸಿಸ್ಟಮ್‌ನಲ್ಲಿ ಉಳಿದಿದ್ದು ಕುಕಿ. ಈ ಪದ ನಾವೆಲ್ಲ ದಿನಾ ನೋಡ್ತೀವಿ, ಯಾವ ಸೈಟ್ ತೆಗೆದ್ರೂ ಕುಕೀಸ್ ಅಕ್ಸೆಪ್ಟ್ ಮಾಡಿ ಅಂತ ಕೇಳತ್ತೆ, ಒತ್ತಿ ಮುಂದೆ ಹೋಗ್ತೀವಿ, ಏನಕ್ಕೆ ಒಪ್ಕೊಂಡ್ವಿ ಅಂತ ಯಾರೂ ಕೂತು ಹೇಳಿರಲ್ಲ. ಅವತ್ತು ಅವನಿಗೆ ಫೋನಲ್ಲಿ ಮುಕ್ಕಾಲು ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ. ಓದ್ತಾ ಓದ್ತಾ ಕೈಯಲ್ಲಿ ಮಾಡಿ ನೋಡಿದ್ರೆ ಚೆನ್ನಾಗಿ ತಲೆಗೆ ಹತ್ತತ್ತೆ, ಸಾಧ್ಯ ಆದ್ರೆ ಒಂದು ಲ್ಯಾಪ್‌ಟಾಪ್ ಮುಂದೆ ಕೂತ್ಕೊಂಡು ಓದಿ.

ಮೊದಲು ಬಿಲ್ಲೆ ವಿಷಯ

ದೇವಸ್ಥಾನದ ಹೊರಗಡೆ ಚಪ್ಪಲಿ ಸ್ಟ್ಯಾಂಡ್ ನೋಡಿರ್ತೀರಲ್ಲ. ಚಪ್ಪಲಿ ಕೊಡ್ತೀರ, ಅವರು ಒಂದು ತಗಡಿನ ಬಿಲ್ಲೆ ಕೊಡ್ತಾರೆ, ಅದರ ಮೇಲೆ 247 ಅಂತ ನಂಬರ್. ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ, ಮುಖಾನೂ ನೆನಪಿರಲ್ಲ, ದಿನಕ್ಕೆ ಸಾವಿರ ಜನ ಬರ್ತಾರೆ. ವಾಪಸ್ ಬಂದು ಬಿಲ್ಲೆ ತೋರಿಸಿದ್ರೆ 247ನೇ ಗೂಡಿಂದ ಚಪ್ಪಲಿ ತೆಗೆದು ಕೊಡ್ತಾರೆ. ಬಿಲ್ಲೆ ಒಳಗೆ ಚಪ್ಪಲಿ ಇಲ್ಲ, ನಂಬರ್ ಅಷ್ಟೇ ಇರೋದು. ಇನ್ನೊಂದು ವಿಷಯ ಗಮನಿಸಿ, ಆ ಬಿಲ್ಲೆ ಬೇರೆ ಯಾರ ಕೈಗೆ ಸಿಕ್ರೂ ಚಪ್ಪಲಿ ಅವರಿಗೇ ಹೋಗತ್ತೆ. ಲಾಗಿನ್ ಕುಕಿ ಕೆಲಸ ಮಾಡೋದು ಪೂರ್ತಿ ಹೀಗೇನೇ, ಒಳ್ಳೇದೂ ಕೆಟ್ಟದ್ದೂ ಎರಡೂ.

ವೆಬ್‌ಸೈಟಿಗೆ ಯಾಕೆ ಬಿಲ್ಲೆ ಬೇಕಾಯ್ತು ಅಂದ್ರೆ, ವೆಬ್ ನಡೆಯೋ ಎಚ್‌ಟಿಟಿಪಿ ಅನ್ನೋ ಪದ್ಧತಿಗೆ ನೆನಪೇ ಇಲ್ಲ. ನೀವು ಒಂದು ಪೇಜ್ ಕೇಳ್ತೀರ, ಸರ್ವರ್ ಅಂದ್ರೆ ಆ ಸೈಟನ್ನ ಇಟ್ಕೊಂಡಿರೋ ಕಂಪ್ಯೂಟರ್ ಕೊಡತ್ತೆ, ಅಲ್ಲಿಗೆ ಮುಗೀತು. ಮುಂದಿನ ಕ್ಲಿಕ್ ಮಾಡಿದಾಗ ನೀವು ಮತ್ತೆ ಹೊಸಬ್ರು. ಬರೀ ಲೇಖನ ಓದೋಕೆ ಇದು ಸಾಕು, ಆದ್ರೆ ಅಂಗಡಿ ನಡೆಸೋಕೆ ಆಗಲ್ಲ, ಯಾಕಂದ್ರೆ ಕಾರ್ಟ್‌ಗೆ ಸೋಪು ಹಾಕಿ ಮುಂದಿನ ಪೇಜಿಗೆ ಹೋದ್ರೆ ಸೋಪು ಹಾಕಿದ್ದು ಯಾರು ಅನ್ನೋದೇ ಅದಕ್ಕೆ ಗೊತ್ತಿರಲ್ಲ. 1994ರಲ್ಲಿ ಬ್ರೌಸರ್ ಮಾಡ್ತಿದ್ದ ನೆಟ್‌ಸ್ಕೇಪ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಲೂ ಮಾಂಟುಲಿ ಅನ್ನೋ ಇಂಜಿನಿಯರ್ ಇದೇ ತೊಂದ್ರೆಗೆ ಪರಿಹಾರ ಅಂತ ಕುಕಿ ತಂದ್ರು, ಆನ್‌ಲೈನ್ ಅಂಗಡಿ ಮಾಡ್ಬೇಕು ಅಂತಿದ್ದ ಒಬ್ಬ ಗಿರಾಕಿಗೋಸ್ಕರ. ಹೆಸರು ಯೂನಿಕ್ಸ್ ಪ್ರೋಗ್ರಾಮರ್‌ಗಳು ಬಳಸ್ತಿದ್ದ ಮ್ಯಾಜಿಕ್ ಕುಕಿ ಅನ್ನೋ ಮಾತಿಂದ ಬಂದಿದ್ದು, ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಕೊಟ್ಟು ಹಂಗೇ ವಾಪಸ್ ಪಡೆಯೋ ಸಣ್ಣ ಚೀಟಿಗೆ ಹಂಗೆ ಕರೀತಿದ್ರು.

ನಡೆಯೋದು ಇಷ್ಟು. ನೀವು ಪೇಜ್ ಕೇಳಿದಾಗ ಸರ್ವರ್ ಉತ್ತರದ ಜೊತೆ ಸೆಟ್-ಕುಕಿ ಅಂತ ಒಂದು ಸಾಲು ಕಳಿಸತ್ತೆ, ಅದರಲ್ಲಿ ಒಂದು ಹೆಸರು, ಒಂದು ವ್ಯಾಲ್ಯೂ ಅಂದ್ರೆ ಬಿಲ್ಲೆ ಮೇಲಿನ ನಂಬರ್ ಥರದ್ದು, ಎಷ್ಟು ದಿನ ಇಟ್ಕೋಬೇಕು ಅನ್ನೋದು, ಇನ್ನೊಂದಿಷ್ಟು ಷರತ್ತು. ಬ್ರೌಸರ್ ಅದನ್ನ ಬರೆದಿಟ್ಕೊಳ್ಳತ್ತೆ. ಅಲ್ಲಿಂದ ಮುಂದೆ ಆ ಸೈಟಿಗೆ ಹೋದಾಗೆಲ್ಲ, ನೀವು ಹೇಳದೇನೇ, ಬ್ರೌಸರ್ ಆ ಚೀಟಿನ ಜೊತೇಲಿ ಕಳಿಸತ್ತೆ, ಒಂದು ಪೇಜಲ್ಲಿ ಇಪ್ಪತ್ತು ಫೋಟೋ ಇದ್ರೆ, ಅವೂ ಅದೇ ಸೈಟಿನವಾಗಿದ್ರೆ, ಇಪ್ಪತ್ತು ಸಲಾನೂ ಕಳಿಸತ್ತೆ. ಕುಕಿ ಅನ್ನೋದು ಬರೀ ಅಕ್ಷರ, ಪ್ರೋಗ್ರಾಮ್ ಅಲ್ಲ, ವೈರಸ್ ಅಲ್ಲ, ಒಂದು ಕುಕಿ ಸುಮಾರು 4 ಕೆಬಿಗಿಂತ ದೊಡ್ಡದಿರೋ ಹಾಗೂ ಇಲ್ಲ. ಮತ್ತೆ ಒಂದು ಮುಖ್ಯ ನಿಯಮ, ಯಾವ ಸೈಟ್ ಕೊಡ್ತೋ ಆ ಸೈಟಿಗೆ ಮಾತ್ರ ಬ್ರೌಸರ್ ಅದನ್ನ ವಾಪಸ್ ಕೊಡತ್ತೆ. ನಿಮ್ಮ ಬ್ಯಾಂಕಿನ ಕುಕಿನ ಬೇರೆ ಯಾವುದೋ ಸೈಟು ಕೇಳಿದ್ರೆ ಕೊಡಲ್ಲ. ಈ ನಿಯಮ ಇರೋದಕ್ಕೇ ನಾವು ಒಂದೇ ಬ್ರೌಸರಲ್ಲಿ ಬ್ಯಾಂಕೂ ನೋಡಿ ಸಿನಿಮಾ ಸುದ್ದೀನೂ ಓದಕ್ಕಾಗ್ತಿರೋದು.

ಈಗ ನೀವೇ ತೆಗೆದು ನೋಡಿ

ಲ್ಯಾಪ್‌ಟಾಪಲ್ಲಿ ಕ್ರೋಮ್ ಓಪನ್ ಮಾಡಿ ಕನ್ನಡ ವಿಕಿಪೀಡಿಯಕ್ಕೆ ಹೋಗಿ. ಅದನ್ನೇ ಯಾಕೆ ಹೇಳ್ತಿದೀನಿ ಅಂದ್ರೆ ಅಲ್ಲಿ ಜಾಹೀರಾತು ಇಲ್ಲ, ಕುಕಿ ಕಮ್ಮಿ, ಅರ್ಥ ಮಾಡ್ಕೊಳ್ಳೋಕೆ ಸುಲಭ. ಎಫ್12 ಒತ್ತಿ, ಕೆಲವು ಲ್ಯಾಪ್‌ಟಾಪಲ್ಲಿ ಎಫ್‌ಎನ್ ಜೊತೆ ಒತ್ಬೇಕು, ಇಲ್ಲಾಂದ್ರೆ ಪೇಜ್ ಮೇಲೆ ರೈಟ್ ಕ್ಲಿಕ್ ಮಾಡಿ ಕೊನೇಲಿರೋ ಇನ್‌ಸ್ಪೆಕ್ಟ್ ಒತ್ತಿ. ಪಕ್ಕದಲ್ಲಿ ಒಂದು ದೊಡ್ಡ ಡಬ್ಬಿ ತೆರೆಯತ್ತೆ, ಅದನ್ನ ನೋಡಿ ಗಾಬರಿ ಆಗ್ಬೇಡಿ, ಸುಮ್ನೆ ನೋಡಿದ್ರೆ ಏನೂ ಹಾಳಾಗಲ್ಲ. ಅದರ ಮೇಲ್ಗಡೆ ಸಾಲಲ್ಲಿ ಆಪ್ಲಿಕೇಶನ್ ಅಂತ ಇರತ್ತೆ, ಜಾಗ ಸಾಲದೆ ಮುಚ್ಚಿಹೋಗಿದ್ರೆ ಎರಡು ಬಾಣದ ಗುರುತು ಒತ್ತಿದ್ರೆ ಸಿಗತ್ತೆ. ಎಡಗಡೆ ಸ್ಟೋರೇಜ್ ಅನ್ನೋದರ ಕೆಳಗೆ ಕುಕೀಸ್, ಅದನ್ನ ಬಿಡಿಸಿ ಸೈಟಿನ ಹೆಸರು ಒತ್ತಿ. ಫೈರ್‌ಫಾಕ್ಸ್ ಬಳಸೋರಿಗೆ ಅದೇ ಡಬ್ಬಿಯಲ್ಲಿ ಸ್ಟೋರೇಜ್ ಅನ್ನೋ ಟ್ಯಾಬಲ್ಲೇ ಇರತ್ತೆ.

ಒಂದು ಟೇಬಲ್ ಬಂತಲ್ಲ, ಅದೇ ನಿಮ್ಮ ಬಿಲ್ಲೆಗಳ ಚೀಲ. ಅದರಲ್ಲಿ ಜಿಯೋಐಪಿ ಅಂತ ಒಂದು ಸಾಲು ಹುಡುಕಿ. ಅದರ ವ್ಯಾಲ್ಯೂ ನೋಡಿದ್ರೆ ಐಎನ್, ಕೆಎ, ಆಮೇಲೆ ಊರಿನ ಹೆಸರು, ಆಮೇಲೆ 12, 77 ಈ ಥರ ಅಕ್ಷಾಂಶ ರೇಖಾಂಶದ ಅಂಕಿ. ನಾನು ಮೊದಲನೇ ಸಲ ಇದನ್ನ ನೋಡಿದಾಗ ಒಂದು ಕ್ಷಣ ಸುಮ್ನೆ ಕೂತಿದ್ದೆ, ಲೊಕೇಶನ್ ಆನ್ ಮಾಡಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಆದ್ರೂ ನಾನಿರೋ ರಾಜ್ಯ ಅಲ್ಲಿ ಬರೆದಿತ್ತು. ಅದು ಜಿಪಿಎಸ್ ಅಲ್ಲ, ನಿಮ್ಮ ಇಂಟರ್ನೆಟ್ ಕನೆಕ್ಷನ್ನಿಗೆ ಇರೋ ನಂಬರ್, ಅಂದ್ರೆ ಐಪಿ ವಿಳಾಸ ನೋಡಿ ಅಂದಾಜು ಮಾಡಿದ್ದು, ಹಂಗಾಗಿ ಶಿವಮೊಗ್ಗದಲ್ಲಿ ಕೂತು ಮೊಬೈಲ್ ಡೇಟಾ ಹಾಕ್ಕೊಂಡಿದ್ರೂ ಬೆಂಗಳೂರು ಅಂತ ತೋರಿಸಬಹುದು. ಹತ್ರದಲ್ಲೇ ಲಾಸ್ಟ್-ಆಕ್ಸೆಸ್ ಅಂತ ಕೊನೆ ಆಗೋ ಒಂದು ಹೆಸರು ಇರತ್ತೆ, ಅದರಲ್ಲಿ ಬರೀ ತಾರೀಕು. ನೀವು ಯಾರು ಅಂತ ಗುರುತು ಹಿಡಿಯದೇನೇ ಎಷ್ಟು ಬೇರೆ ಬೇರೆ ಜನ ಬಂದ್ರು ಅಂತ ಲೆಕ್ಕ ಹಾಕೋಕೆ ಅವರು ಮಾಡ್ಕೊಂಡಿರೋ ಉಪಾಯ ಅದು. ನಂಬರ್ ಕೊಡದೆ ತಾರೀಕು ಮಾತ್ರ ಕೊಟ್ರೂ ಲೆಕ್ಕ ಸಿಗತ್ತೆ ಅಂತ ಯೋಚಿಸಿದ್ದು ನನಗೆ ತುಂಬಾ ಇಷ್ಟ ಆಯ್ತು, ಮನಸ್ಸಿದ್ರೆ ಹೀಗೂ ಮಾಡಬಹುದು.

ಟೇಬಲ್‌ನ ಬೇರೆ ಕಾಲಮ್ ಕಡೆ ಕಣ್ಣು ಹಾಯಿಸಿ. ಎಕ್ಸ್‌ಪೈರ್ಸ್ ಅನ್ನೋ ಕಡೆ ಸೆಷನ್ ಅಂತ ಇದ್ರೆ ಅದು ಬ್ರೌಸರ್ ಮುಚ್ಚೋ ತನಕ ಇರೋ ಕುಕಿ, ತಾರೀಕು ಇದ್ರೆ ಅಲ್ಲೀ ತನಕ ಇರೋದು. ಕ್ರೋಮ್ 2022ರಿಂದ ಯಾವ ಕುಕಿನೂ 400 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳಲ್ಲ, ಅದಕ್ಕೆ ಮುಂಚೆ ಹತ್ತು ಇಪ್ಪತ್ತು ವರ್ಷದ ತಾರೀಕು ಹಾಕಿರೋ ಸೈಟುಗಳೂ ಇದ್ವು. ನಮ್ಮ ಹುಡುಗ ಎಡವಿದ್ದು ಇಲ್ಲೇ. ಬ್ರೌಸರ್ ಕ್ಲೋಸ್ ಮಾಡಿದ್ರೆ ಎಲ್ಲ ಹೋಗತ್ತೆ ಅಂದ್ಕೊಂಡಿದ್ದ, ಆದ್ರೆ ಮೇಲ್‌ನ ಲಾಗಿನ್ ಕುಕಿ ತಾರೀಕು ಇರೋ ಜಾತಿದು, ಇಂಟು ಮಾರ್ಕ್ ಒತ್ತಿದ್ರೆ ಅದಕ್ಕೇನೂ ಆಗಲ್ಲ. ಅದಲ್ದೆ ಕ್ರೋಮ್‌ನಲ್ಲಿ ಹಿಂದಿನ ಸಲ ಬಿಟ್ಟಲ್ಲಿಂದ ಮುಂದುವರಿಸು ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಸೆಷನ್ ಕುಕಿ ಕೂಡ ಉಳ್ಕೊಂಡು ಬಿಡತ್ತೆ.

ಇನ್ನೊಂದು ಪ್ರಯೋಗ ಮಾಡಿ, ಇದು ಮಾಡಿದ್ಮೇಲೆ ಯಾರೂ ಮತ್ತೆ ವಿವರಿಸೋದೇ ಬೇಡ. ನೀವು ಲಾಗಿನ್ ಆಗಿರೋ ಒಂದು ಶಾಪಿಂಗ್ ಸೈಟೋ ನ್ಯೂಸ್ ಸೈಟೋ ತೆಗೀರಿ, ಪಾಸ್‌ವರ್ಡ್ ನೆನಪಿರೋದನ್ನೇ ತೆಗೀರಿ. ಅದೇ ಟೇಬಲ್‌ಗೆ ಬನ್ನಿ, ಮೇಲಿರೋ ಅಡ್ಡಗೆರೆ ಹೊಡೆದ ಸುತ್ತಿನ ಗುರುತು ಒತ್ತಿ ಎಲ್ಲ ಸಾಲು ಅಳಿಸಿ, ಪೇಜ್ ರಿಫ್ರೆಶ್ ಮಾಡಿ. ಹೆಚ್ಚಿನ ಸೈಟಲ್ಲಿ ಮೇಲ್ಗಡೆ ಇದ್ದ ನಿಮ್ಮ ಹೆಸರು ಮಾಯ, ಲಾಗಿನ್ ಮಾಡಿ ಅಂತ ಕೇಳತ್ತೆ. ನಿಮ್ಮ ಅಕೌಂಟಿಗೆ ಏನೂ ಆಗಿಲ್ಲ, ಚಪ್ಪಲಿ ಗೂಡಲ್ಲೇ ಇದೆ, ಬಿಲ್ಲೆ ಮಾತ್ರ ಕಳ್ಕೊಂಡ್ರಿ.

ಒಂದು ಎಚ್ಚರ ಇಲ್ಲೇ ಹೇಳಿಬಿಡ್ತೀನಿ. ಈ ಟೇಬಲ್‌ನ ಸ್ಕ್ರೀನ್‌ಶಾಟ್ ಯಾರಿಗೂ ಕಳಿಸ್ಬೇಡಿ, ಇದರೊಳಗಿಂದ ಕಾಪಿ ಮಾಡಿ ಕಳಿಸಿ ಅಂತ ಯಾರು ಕೇಳಿದ್ರೂ ಕೊಡಬೇಡಿ, ಪಕ್ಕದ ಕನ್ಸೋಲ್ ಅನ್ನೋ ಟ್ಯಾಬಲ್ಲಿ ಯಾರೋ ಕಳಿಸಿದ್ದನ್ನ ಪೇಸ್ಟ್ ಮಾಡ್ಬೇಡಿ. ಫ್ರೀ ರೀಚಾರ್ಜ್ ಬರತ್ತೆ ಅಂದ್ರೂ ಬೇಡ.

ಒಂದೇ ಬ್ರೌಸರಲ್ಲಿ ಇಬ್ಬರು ಯಾಕೆ ಆಗಲ್ಲ

ಬಿಲ್ಲೆ ಲೆಕ್ಕ ಗೊತ್ತಾದ್ರೆ ದಿನನಿತ್ಯದ ಎಷ್ಟೋ ಒಗಟು ಬಿಚ್ಕೊಳ್ಳತ್ತೆ. ಒಂದು ಟ್ಯಾಬಲ್ಲಿ ಗಂಡನ ಬ್ಯಾಂಕ್ ಅಕೌಂಟು, ಇನ್ನೊಂದು ಟ್ಯಾಬಲ್ಲಿ ಹೆಂಡ್ತಿ ಅಕೌಂಟು ಓಪನ್ ಮಾಡಕ್ಕೆ ಹೋದ್ರೆ ಮೊದಲನೇದು ಸೆಷನ್ ಎಕ್ಸ್‌ಪೈರ್ ಅಂತ ಬರತ್ತೆ, ಯಾಕಂದ್ರೆ ಟ್ಯಾಬ್ ಎರಡಿದ್ರೂ ಚೀಲ ಒಂದೇ, ಎರಡನೇ ಬಿಲ್ಲೆ ಬಂದಾಗ ಅದೇ ಹೆಸರಿನ ಮೊದಲನೇದು ಅಳಿಸಿಹೋಗತ್ತೆ. ಬೇಕಿದ್ರೆ ಬ್ರೌಸರಲ್ಲಿ ಇನ್ನೊಂದು ಪ್ರೊಫೈಲ್ ಮಾಡ್ಕೊಳ್ಳಿ, ಪ್ರೊಫೈಲಿಗೆ ಒಂದೊಂದು ಚೀಲ. ಹಂಗೇ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಒಳಗಿಂದ ಲಿಂಕ್ ಒತ್ತಿದಾಗ ಸೈಟ್ ಓಪನ್ ಆಗತ್ತೆ ಆದ್ರೆ ಮತ್ತೆ ಲಾಗಿನ್ ಕೇಳತ್ತೆ, ಕ್ರೋಮ್‌ನಲ್ಲಿ ಲಾಗಿನ್ ಆಗಿದೀನಲ್ಲ ಅಂತ ತಲೆ ಕೆಡಿಸ್ಕೊಳ್ತೀವಿ. ಆ ಆ್ಯಪ್‌ಗಳ ಒಳಗೇ ಒಂದು ಸಣ್ಣ ಬ್ರೌಸರ್ ಇರತ್ತೆ, ಅದರ ಚೀಲ ಬೇರೆ. ಮೂಲೇಲಿರೋ ಮೂರು ಚುಕ್ಕಿ ಒತ್ತಿ ಬ್ರೌಸರಲ್ಲಿ ಓಪನ್ ಮಾಡು ಅಂದ್ರೆ ಸರಿಹೋಗತ್ತೆ.

ಇನ್‌ಕಾಗ್ನಿಟೋ ಕೂಡ ಇಷ್ಟೇ, ಖಾಲಿ ಚೀಲದಿಂದ ಶುರು ಆಗತ್ತೆ, ಆ ಕಿಟಕಿಗಳನ್ನೆಲ್ಲ ಮುಚ್ಚಿದ ತಕ್ಷಣ ಚೀಲ ಬಿಸಾಡತ್ತೆ. ಆದ್ರೆ ನಿಮ್ಮ ಇಂಟರ್ನೆಟ್ ಕೊಡೋ ಕಂಪನಿಗೋ ಆಫೀಸ್ ನೆಟ್‌ವರ್ಕಿಗೋ ನೀವು ಯಾವ ಸೈಟಿಗೆ ಹೋದ್ರಿ ಅನ್ನೋದು ಕಾಣದೇ ಇರೋ ಹಾಗೇನೂ ಮಾಡಲ್ಲ.

ಹೊರಗಿನವರು ಹಾಕೋ ಕುಕಿ

ಇಲ್ಲೀ ತನಕ ಹೇಳಿದ್ದು ನೀವು ಹೋದ ಸೈಟೇ ಕೊಡೋ ಕುಕಿ. ಜನಕ್ಕೆ ಸಿಟ್ಟು ಬರ್ಬೇಕಾದ್ದು ಇನ್ನೊಂದು ಜಾತಿ ಮೇಲೆ, ಥರ್ಡ್ ಪಾರ್ಟಿ ಕುಕಿ. ಒಂದು ನ್ಯೂಸ್ ಪೇಜ್ ತೆಗೆದ್ರೆ ಸುದ್ದಿ ಬರೋದು ಒಂದು ಸರ್ವರಿಂದ, ಆದ್ರೆ ಅದರೊಳಗಿನ ಜಾಹೀರಾತು, ಲೈಕ್ ಬಟನ್ನು, ಕಣ್ಣಿಗೆ ಕಾಣದ ಒಂದು ಚುಕ್ಕಿ ಗಾತ್ರದ ಚಿತ್ರ, ಇವೆಲ್ಲ ಬೇರೆ ಬೇರೆ ಕಂಪನಿಗಳ ಸರ್ವರಿಂದ ಬರ್ತವೆ. ಬ್ರೌಸರ್ ಅವನ್ನ ಕೇಳೋಕೆ ಹೋದಾಗ ಅವರೂ ಒಂದೊಂದು ಬಿಲ್ಲೆ ಕೊಟ್ಟು ಕಳಿಸ್ತಾರೆ. ನಾಳೆ ನೀವು ಪ್ರೆಶರ್ ಕುಕ್ಕರ್ ನೋಡೋಕೆ ಬೇರೆ ಸೈಟಿಗೆ ಹೋಗ್ತೀರ, ಅಲ್ಲೂ ಅದೇ ಜಾಹೀರಾತು ಕಂಪನಿ ಇದೆ, ಬ್ರೌಸರ್ ಅದೇ ಬಿಲ್ಲೆ ತೋರಿಸತ್ತೆ. ಜಾತ್ರೇಲಿ ಐವತ್ತು ಅಂಗಡಿ ಇದ್ದು ಪ್ರತಿ ಅಂಗಡಿ ಮೂಲೇಲೂ ಒಂದೇ ಕಂಪನಿಯ ಹುಡುಗ ನೋಟ್‌ಬುಕ್ ಹಿಡ್ಕೊಂಡು ಕೂತ್ರೆ ಹೆಂಗಿರತ್ತೋ ಹಂಗೆ. ನಿಮ್ಮ ಹೆಸರು ಅವನಿಗೆ ಗೊತ್ತಿಲ್ಲದೇ ಇರಬಹುದು, ಆದ್ರೆ 247ನೇ ನಂಬರಿನವರು ಬೆಳಿಗ್ಗೆ ಬಳೆ ಅಂಗಡೀಲಿದ್ರು, ಮಧ್ಯಾಹ್ನ ಪಾತ್ರೆ ಅಂಗಡೀಲಿದ್ರು, ಸಂಜೆ ಮೊಣಕಾಲು ನೋವಿನ ಎಣ್ಣೆ ಕೇಳಿದ್ರು ಅನ್ನೋದೆಲ್ಲ ಬರೆದಿಟ್ಕೊಂಡಿರ್ತಾನೆ. ಮೊಣಕಾಲು ನೋವಿಗೆ ಬಳೆ ಅಂಗಡಿಗೂ ಏನು ಸಂಬಂಧ? ನನಗೆ ತಪ್ಪು ಅನ್ಸೋದು ಇದೇ, ನಾನು ಒಂದು ಅಂಗಡಿಗೆ ಹೇಳಿದ್ದು ಐವತ್ತು ಅಂಗಡಿಗೆ ಗೊತ್ತಾಗೋದು.

ಆಪಲ್‌ನ ಸಫಾರಿ 2020ರ ಮಾರ್ಚಿಂದ ಇಂಥವನ್ನ ಪೂರ್ತಿ ನಿಲ್ಲಿಸಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿಗೂ ಬೇರೆ ಬೇರೆ ಚೀಲ ಮಾಡಿ ಇಡತ್ತೆ, ಆ ನೋಟ್‌ಬುಕ್ ಹುಡುಗನಿಗೆ ಪ್ರತಿ ಅಂಗಡೀಲೂ ಬೇರೆ ನಂಬರ್ ಕಾಣತ್ತೆ. ಗೂಗಲ್ 2020ರಲ್ಲಿ ಎರಡು ವರ್ಷದೊಳಗೆ ಕ್ರೋಮಿಂದಲೂ ತೆಗೀತೀವಿ ಅಂತ ಹೇಳಿ, ಮುಂದೆ ಹಾಕ್ತಾ ಬಂದು, 2024ರ ಜುಲೈನಲ್ಲಿ ಆ ಯೋಚನೆನೇ ಕೈಬಿಟ್ಟಿತು. ನಮ್ಮಲ್ಲಿ ಬಹಳ ಜನರ ಫೋನಲ್ಲಿ ಇರೋದು ಕ್ರೋಮ್, ಹಂಗಾಗಿ ನೀವೇ ಬಂದ್ ಮಾಡ್ಬೇಕು.

ಆಂಡ್ರಾಯ್ಡ್ ಫೋನಲ್ಲಿ ಕ್ರೋಮ್ ತೆಗೆದು ಮೂರು ಚುಕ್ಕಿ, ಸೆಟ್ಟಿಂಗ್ಸ್, ಕೆಳಗೆ ಹೋದ್ರೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಥರ್ಡ್ ಪಾರ್ಟಿ ಕುಕೀಸ್, ಅಲ್ಲಿ ಬ್ಲಾಕ್ ಅನ್ನೋದು ಆರಿಸಿ. ಲ್ಯಾಪ್‌ಟಾಪಲ್ಲಾದ್ರೆ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಥರ್ಡ್ ಪಾರ್ಟಿ ಕುಕೀಸ್. ನಾನು ಇದನ್ನ ಬ್ಲಾಕ್ ಮಾಡಿ ಎಷ್ಟೋ ವರ್ಷ ಆಯ್ತು, ಅಪರೂಪಕ್ಕೆ ಯಾವುದೋ ಪೇಮೆಂಟ್ ಪೇಜೋ ಒಳಗಡೆ ಕೂರಿಸಿರೋ ವಿಡಿಯೋನೋ ಕೆಲಸ ಮಾಡಲ್ಲ, ಆಗ ವಿಳಾಸದ ಪಟ್ಟಿಯಲ್ಲಿ ಬರೋ ಕಣ್ಣಿನ ಗುರುತು ಒತ್ತಿ ಆ ಒಂದು ಸೈಟಿಗೆ ಮಾತ್ರ ಬಿಡಬಹುದು.

ಇಷ್ಟು ಮಾಡಿದ್ಮೇಲೂ ಕುಕ್ಕರ್ ಜಾಹೀರಾತು ಬಂದ್ರೆ ಮೋಸ ಆಯ್ತು ಅಂದ್ಕೋಬೇಡಿ. ಫೋನಿನ ಆ್ಯಪ್‌ಗಳು ಕುಕಿ ನೆಚ್ಕೊಂಡಿಲ್ಲ, ಫೋನಿಗೇ ಒಂದು ಅಡ್ವರ್ಟೈಸಿಂಗ್ ಐಡಿ ಅಂತ ಇರತ್ತೆ, ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಆ್ಯಡ್ಸ್ ಅಂತ ಹುಡುಕಿದ್ರೆ ಅದನ್ನ ಡಿಲೀಟ್ ಮಾಡೋ ಆಯ್ಕೆ ಸಿಗತ್ತೆ. ಮತ್ತೆ ನೀವು ಲಾಗಿನ್ ಆಗಿಯೇ ಹುಡುಕಿದ್ರೆ ಅದು ಅಕೌಂಟಿನ ಲೆಕ್ಕಕ್ಕೇ ಸೇರತ್ತೆ, ಅಲ್ಲಿ ಕುಕಿ ಅಳಿಸಿ ಉಪಯೋಗ ಇಲ್ಲ.

ಬ್ಯಾನರ್ ಬಂದಾಗ ಏನು ಒತ್ಬೇಕು

ಈ ಬ್ಯಾನರ್ ಹಾವಳಿ ಶುರು ಆಗಿದ್ದು ಯುರೋಪಿಂದ. ಅಲ್ಲಿ 2002ರ ಇ-ಪ್ರೈವೆಸಿ ನಿರ್ದೇಶನಕ್ಕೆ 2009ರಲ್ಲಿ ತಿದ್ದುಪಡಿ ಮಾಡಿ, ಸೈಟ್ ನಡೆಯೋಕೆ ಬೇಕೇ ಬೇಕಾದ ಕುಕಿ ಬಿಟ್ಟು ಉಳಿದಿದ್ದಕ್ಕೆ ಒಪ್ಪಿಗೆ ಕೇಳ್ಬೇಕು ಅಂತ ಮಾಡಿದ್ರು, 2018ರ ಮೇ 25ಕ್ಕೆ ಜಿಡಿಪಿಆರ್ ಅನ್ನೋ ಮಾಹಿತಿ ರಕ್ಷಣೆ ಕಾನೂನು ಜಾರಿಗೆ ಬಂದ್ಮೇಲೆ ಒಪ್ಪಿಗೆ ಅಂದ್ರೆ ನಿಜವಾದ ಒಪ್ಪಿಗೆ ಆಗಿರ್ಬೇಕು ಅಂತ ಇನ್ನೂ ಬಿಗಿ ಆಯ್ತು. ಫ್ರಾನ್ಸ್‌ನಲ್ಲಿ ಮಾಹಿತಿ ರಕ್ಷಣೆ ನೋಡ್ಕೊಳ್ಳೋ ಸಿಎನ್‌ಐಎಲ್ ಅನ್ನೋ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತು, ಕಾರಣ ಏನು ಅಂದ್ರೆ ಒಪ್ಕೊಳ್ಳೋಕೆ ಒಂದು ಕ್ಲಿಕ್, ಬೇಡ ಅನ್ನೋಕೆ ಹಲವು ಕ್ಲಿಕ್ ಇಟ್ಟಿದ್ರು ಅಂತ.

ಹಂಗಾಗಿ ನೀವು ಬಣ್ಣ ನೋಡಿ ಒತ್ಬೇಡಿ. ಅಕ್ಸೆಪ್ಟ್ ಆಲ್ ದೊಡ್ಡದಾಗಿ ಹಸಿರಲ್ಲೋ ನೀಲಿಯಲ್ಲೋ ಇರತ್ತೆ, ರಿಜೆಕ್ಟ್ ಆಲ್ ಪಕ್ಕದಲ್ಲಿ ಬೂದಿ ಬಣ್ಣದಲ್ಲಿರತ್ತೆ, ಅದನ್ನ ಒತ್ತಿ. ಅದು ಇಲ್ಲದೆ ಮ್ಯಾನೇಜ್ ಅಂತ ಮಾತ್ರ ಇದ್ರೆ ಒಳಗೆ ಹೋಗಿ ನೆಸೆಸರಿ ಅನ್ನೋದು ಬಿಟ್ಟು ಉಳಿದಿದ್ದು ಆಫ್ ಮಾಡಿ, ಲೆಜಿಟಿಮೇಟ್ ಇಂಟರೆಸ್ಟ್, ಅಂದ್ರೆ ನಿಮ್ಮ ಒಪ್ಪಿಗೆ ಇಲ್ದೇನೂ ಬಳಸೋಕೆ ನಮಗೆ ನ್ಯಾಯವಾದ ಕಾರಣ ಇದೆ, ಅಂತ ಬೇರೆ ಟ್ಯಾಬಲ್ಲಿ ಮೊದಲೇ ಆನ್ ಮಾಡಿಟ್ಟಿರ್ತಾರೆ, ಅದನ್ನೂ ನೋಡಿ, ಆಮೇಲೆ ಸೇವ್ ಒತ್ತಿ. ರಿಜೆಕ್ಟ್ ಮಾಡಿದ್ರೆ ಸೈಟ್ ನಡೆಯಲ್ಲ ಅನ್ನೋ ಭಯ ಬೇಡ, ಲಾಗಿನ್ನಿಗೂ ಕಾರ್ಟಿಗೂ ಬೇಕಾದ್ದು ನೆಸೆಸರಿ ಒಳಗೇ ಬರತ್ತೆ. ಎಲ್ಲ ಕುಕಿ ಕ್ಲಿಯರ್ ಮಾಡಿದ ದಿನ ಈ ಬ್ಯಾನರ್‌ಗಳು ಮತ್ತೆ ಸಾಲಾಗಿ ಬರ್ತವಲ್ಲ, ನೀವು ಬೇಡ ಅಂದಿದ್ದನ್ನ ನೆನಪಿಟ್ಕೊಳ್ಳೋದೂ ಸಾಮಾನ್ಯವಾಗಿ ಒಂದು ಕುಕಿನೇ, ಅದಕ್ಕೆ.

ನಮ್ಮ ದೇಶದಲ್ಲಿ 2023ರ ಡಿಪಿಡಿಪಿ, ಅಂದ್ರೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರಲ್ಲಿ ಬಂದು ಹಂತ ಹಂತವಾಗಿ ಜಾರಿ ಆಗೋದು ಅಂತ ಇದೆ. ಅದರಲ್ಲಿ ನನಗೆ ಮುಖ್ಯ ಅನ್ಸಿದ್ದು, ನಿಮ್ಮ ಮಾಹಿತಿಗೆ ಒಪ್ಪಿಗೆ ಕೇಳೋ ನೋಟಿಸನ್ನ ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೇಲಿ ಓದೋ ಆಯ್ಕೆ ಕೊಡ್ಬೇಕು ಅಂತ ಇರೋದು, ಅಂದ್ರೆ ಕನ್ನಡದಲ್ಲೂ. ಓದಿ ಅರ್ಥ ಆಗದ ಕಾಗದಕ್ಕೆ ಸಹಿ ಹಾಕಿಸ್ಕೊಳ್ಳೋದು ಒಪ್ಪಿಗೆ ಅಲ್ಲ ಅಂತ ನಾವೂ ಕೇಳಬಹುದಾದ ಕಾಲ ಬರ್ತಿದೆ.

ಕ್ಲಿಯರ್ ಮಾಡೋದು ಯಾವಾಗ, ಹೆಂಗೆ

ಏನೇ ತೊಂದ್ರೆ ಬಂದ್ರೂ ಕುಕಿ ಕ್ಲಿಯರ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಕೆಲವಕ್ಕೆ ಅದು ನಿಜವಾದ ಔಷಧಿನೇ. ಪೇಜ್ ತನ್ನಷ್ಟಕ್ಕೆ ಸುತ್ತಿ ಸುತ್ತಿ ಟೂ ಮೆನಿ ರೀಡೈರೆಕ್ಟ್ಸ್ ಅಂತ ಬಂದ್ರೆ, ಅಥವಾ 400 ಬ್ಯಾಡ್ ರಿಕ್ವೆಸ್ಟ್ ಜೊತೆ ಕುಕಿ ಟೂ ಲಾರ್ಜ್ ಅಂತ ಬಂದ್ರೆ, ಅಥವಾ ಸರಿಯಾದ ಪಾಸ್‌ವರ್ಡ್ ಹಾಕಿದ್ರೂ ಲಾಗಿನ್ ಪೇಜಿಗೇ ವಾಪಸ್ ಬರ್ತಿದ್ರೆ, ಆ ಸೈಟಿನ ಕುಕಿ ಹಳಸಿದೆ ಅಂತ. ಆದ್ರೆ ಒಂದು ಸೈಟ್ ಕೆಟ್ಟಿದೆ ಅಂತ ಎಲ್ಲ ಸೈಟಿಂದೂ ಅಳಿಸಬೇಡಿ, ಹತ್ತಾರು ಕಡೆ ಮತ್ತೆ ಲಾಗಿನ್, ಮತ್ತೆ ಒಟಿಪಿ, ಹಳೇ ನಂಬರಿಗೆ ಒಟಿಪಿ ಹೋಗೋ ಅಕೌಂಟ್ ಇದ್ರಂತೂ ಒದ್ದಾಟ.

ಒಂದೇ ಸೈಟಿಂದು ಅಳಿಸೋಕೆ, ವಿಳಾಸದ ಎಡಗಡೆ ಒಂದು ಸಣ್ಣ ಗುರುತು ಇರತ್ತೆ ನೋಡಿ, ಅದನ್ನ ಒತ್ತಿ ಕುಕೀಸ್ ಅಂಡ್ ಸೈಟ್ ಡೇಟಾ ಒಳಗೆ ಹೋದ್ರೆ ಅಳಿಸೋ ಬಟನ್ ಸಿಗತ್ತೆ, ಫೋನಲ್ಲೂ ಲ್ಯಾಪ್‌ಟಾಪಲ್ಲೂ ದಾರಿ ಹೆಚ್ಚು ಕಮ್ಮಿ ಇದೇ. ಐಫೋನಲ್ಲಿ ಸೆಟ್ಟಿಂಗ್ಸಲ್ಲಿ ಸಫಾರಿ ಹುಡುಕಿ, ಅದರ ಕೊನೇಲಿ ಅಡ್ವಾನ್ಸ್‌ಡ್, ಅದರಲ್ಲಿ ವೆಬ್‌ಸೈಟ್ ಡೇಟಾ, ಅಲ್ಲಿ ಸೈಟ್ ಹೆಸರು ಎಡಕ್ಕೆ ಸರಿಸಿದ್ರೆ ಡಿಲೀಟ್ ಬರತ್ತೆ. ಎಲ್ಲ ಒಟ್ಟಿಗೆ ಅಳಿಸಬೇಕು ಅಂದ್ರೆ ಕಂಪ್ಯೂಟರಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರೂ ಒಟ್ಟಿಗೆ ಒತ್ತಿ. ಅಲ್ಲಿ ಬರೋ ಪಟ್ಟೀಲಿ ಕುಕೀಸ್ ಬೇರೆ, ಕ್ಯಾಶ್ ಬೇರೆ, ಸೇವ್ ಆಗಿರೋ ಪಾಸ್‌ವರ್ಡ್ ಬೇರೆ. ಕ್ಯಾಶ್ ಅಂದ್ರೆ ಬೇಗ ಓಪನ್ ಆಗ್ಲಿ ಅಂತ ಇಟ್ಕೊಂಡಿರೋ ಚಿತ್ರಗಳು, ಅಳಿಸಿದ್ರೆ ನಷ್ಟ ಇಲ್ಲ. ಪಾಸ್‌ವರ್ಡ್ ಮುಂದೆ ಟಿಕ್ ಇದೆಯಾ ಅಂತ ಎರಡು ಸಲ ನೋಡಿ, ಅದನ್ನ ಗಮನಿಸದೆ ಒತ್ತಿ ಎಲ್ಲ ಪಾಸ್‌ವರ್ಡ್ ಕಳ್ಕೊಂಡು ಕೂತವರನ್ನ ನಾನೇ ನೋಡಿದೀನಿ. ಅರ್ಧ ತುಂಬಿರೋ ಅರ್ಜಿ ಇದ್ರೆ ಮೊದಲು ಅದನ್ನ ಮುಗಿಸ್ಕೊಳ್ಳಿ.

ಬಿಲ್ಲೆ ಕದ್ರೆ ಪಾಸ್‌ವರ್ಡೂ ಬೇಡ, ಒಟಿಪಿನೂ ಬೇಡ

ಇಡೀ ಲೇಖನದಲ್ಲಿ ಇದೊಂದನ್ನ ಮಾತ್ರ ಓದಿದ್ರೂ ಸಾಕು. ಪಾಸ್‌ವರ್ಡ್, ಒಟಿಪಿ ಎಲ್ಲ ಕೇಳೋದು ಬಿಲ್ಲೆ ಕೊಡೋ ಮುಂಚೆ. ಕೊಟ್ಟಾದ್ಮೇಲೆ ಬಿಲ್ಲೆ ತಂದವರೇ ಯಜಮಾನ್ರು. ಹಂಗಾಗಿ ಕಳ್ಳರು ಈಗೀಗ ಪಾಸ್‌ವರ್ಡ್ ಜೊತೆಗೆ ಕುಕಿ ಚೀಲಾನೇ ಹೊತ್ಕೊಂಡು ಹೋಗ್ತಾರೆ. ಕೆನಡಾದ ಲೈನಸ್ ಟೆಕ್ ಟಿಪ್ಸ್ ಅನ್ನೋ ಯೂಟ್ಯೂಬ್ ಚಾನೆಲ್, ಆಗಲೇ ಒಂದೂವರೆ ಕೋಟಿ ಸಬ್‌ಸ್ಕ್ರೈಬರ್ ಇದ್ದಿದ್ದು, 2023ರ ಮಾರ್ಚಲ್ಲಿ ಹೀಗೇ ಕೈತಪ್ಪಿತ್ತು. ಅವರ ತಂಡದ ಒಬ್ರಿಗೆ ಸ್ಪಾನ್ಸರ್‌ಶಿಪ್ ಪ್ರಸ್ತಾಪ ಅಂತ ಮೇಲ್ ಬಂತು, ಪಿಡಿಎಫ್ ಥರ ಕಾಣೋ ಫೈಲ್ ಓಪನ್ ಮಾಡಿದ್ರು, ಅದು ಪಿಡಿಎಫ್ ಆಗಿರಲಿಲ್ಲ, ಬ್ರೌಸರಲ್ಲಿದ್ದ ಸೆಷನ್ ಕುಕಿಗಳೆಲ್ಲ ಕಳ್ಳರಿಗೆ ಹೋಯ್ತು, ಅವರು ಪಾಸ್‌ವರ್ಡೂ ಹಾಕದೆ ಚಾನೆಲ್ ಒಳಗೆ ಕೂತು ಕ್ರಿಪ್ಟೋ ಮೋಸದ ಲೈವ್ ಓಡಿಸಿದ್ರು. ಕಂಪ್ಯೂಟರ್ ಬಗ್ಗೆನೇ ಹೇಳ್ಕೊಡೋರಿಗೇ ಹೀಗಾಗಿದೆ. ಕನ್ನಡದಲ್ಲಿ ಚಾನೆಲ್ ನಡೆಸೋರು ದಯವಿಟ್ಟು ಸ್ಪಾನ್ಸರ್ ಮೇಲ್‌ನ ಫೈಲು, ಅದರಲ್ಲೂ ಜಿಪ್ ಮಾಡಿ ಕಳಿಸಿದ್ದನ್ನ, ಕೆಲಸದ ಕಂಪ್ಯೂಟರಲ್ಲಿ ತೆಗೀಬೇಡಿ. ಕ್ರ್ಯಾಕ್ ಮಾಡಿದ ಫೋಟೋಶಾಪು, ನುಡಿ ಬರಹ ಕನ್ವರ್ಟರ್ ಅಂತ ಯಾರೋ ಗ್ರೂಪಲ್ಲಿ ಹಾಕಿದ ಫೈಲು, ಯಾವುದೋ ಬ್ರೌಸರ್ ಎಕ್ಸ್‌ಟೆನ್ಶನ್ನು ಎಲ್ಲ ಸೈಟಿನ ಡೇಟಾ ಓದ್ತೀನಿ ಅಂತ ಪರ್ಮಿಶನ್ ಕೇಳೋದು, ಎಲ್ಲಾ ಇದೇ ದಾರಿ.

ಲಾಗೌಟ್ ಮಾಡೋದಕ್ಕೂ ಕುಕಿ ಅಳಿಸೋದಕ್ಕೂ ವ್ಯತ್ಯಾಸ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕುಕಿ ಅಳಿಸಿದ್ರೆ ನಿಮ್ಮ ಕೈಯಲ್ಲಿರೋ ಬಿಲ್ಲೆ ಬಿಸಾಡಿದ ಹಾಗೆ, ಅದರ ನಕಲು ಬೇರೆಯವರ ಹತ್ರ ಇದ್ರೆ ಅದಿನ್ನೂ ನಡೆಯತ್ತೆ. ಲಾಗೌಟ್ ಒತ್ತಿದ್ರೆ ಸ್ಟ್ಯಾಂಡಿಗೆ ಹೋಗಿ ಬಿಲ್ಲೆ ವಾಪಸ್ ಕೊಟ್ಟ ಹಾಗೆ, ಸರಿಯಾಗಿ ಮಾಡಿರೋ ಸೈಟಾದ್ರೆ ಸರ್ವರ್ ಕಡೆನೇ ಆ ನಂಬರ್ ರದ್ದಾಗತ್ತೆ. ಅದಕ್ಕೇ ಬ್ಯಾಂಕಿನ ಕೆಲಸ ಮುಗಿದ್ಮೇಲೆ ಟ್ಯಾಬ್ ಮುಚ್ಚೋದಲ್ಲ, ಲಾಗೌಟ್ ಒತ್ತೋದು.

ಸೈಬರ್ ಸೆಂಟರಲ್ಲೋ ಕಾಲೇಜ್ ಲ್ಯಾಬಲ್ಲೋ ಕೂತಾಗ ಕ್ರೋಮ್ ಮೇಲ್ಗಡೆ ಬಲಕ್ಕಿರೋ ದುಂಡಗಿನ ಪ್ರೊಫೈಲ್ ಗುರುತು ಒತ್ತಿ ಗೆಸ್ಟ್ ಅನ್ನೋದು ತೆಗೀರಿ, ಕೆಲಸ ಎಲ್ಲ ಅದರೊಳಗೆ ಮಾಡಿ, ಕೊನೇಲಿ ಲಾಗೌಟ್ ಮಾಡಿ ಕಿಟಕಿ ಮುಚ್ಚಿ, ಅದರ ಕುಕಿ ಎಲ್ಲ ಅಲ್ಲೇ ಹೋಗತ್ತೆ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಹೋಗಲ್ಲ, ಆಧಾರ್ ಮಾರ್ಕ್ಸ್ ಕಾರ್ಡು ಡೌನ್‌ಲೋಡ್ಸ್ ಫೋಲ್ಡರಲ್ಲಿ ಕೂತಿರತ್ತೆ, ಅಳಿಸಿ ರೀಸೈಕಲ್ ಬಿನ್ನೂ ಖಾಲಿ ಮಾಡಿ. ಸೆಂಟರ್ ನಡೆಸೋ ಅಣ್ಣಂದಿರು ಅಕ್ಕಂದಿರಿಗೂ ಇದೇ ಮಾತು, ಒಬ್ರ ಅರ್ಜಿ ಮುಗಿದ್ಮೇಲೆ ಇನ್ನೊಬ್ರದ್ದಕ್ಕೆ ಹೊಸ ಗೆಸ್ಟ್ ಕಿಟಕಿ ತೆಗೀರಿ, ಒಬ್ರ ಲಾಗಿನ್ನಲ್ಲಿ ಇನ್ನೊಬ್ರ ದಾಖಲೆ ಹತ್ಕೊಳ್ಳೋದು ತಪ್ಪತ್ತೆ.

ಸೈಟ್ ಮಾಡೋ ಹುಡುಗ್ರು ಇದನ್ನ ಓದ್ತಿದ್ರೆ ನಿಮಗೆ ನಾಲ್ಕೇ ಮಾತು. ಲಾಗಿನ್ ಕುಕಿಗೆ ಎಚ್‌ಟಿಟಿಪಿ-ಓನ್ಲಿ ಹಾಕಿ, ಪೇಜಿನ ಸ್ಕ್ರಿಪ್ಟ್ ಅದನ್ನ ಓದಕ್ಕಾಗಲ್ಲ. ಸೆಕ್ಯೂರ್ ಹಾಕಿ, ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ದಾರೀಲಿ ಹೋಗಲ್ಲ. ಸೇಮ್‌ಸೈಟ್ ಏನು ಅಂತ ನೀವೇ ಬರೀರಿ, ಬ್ರೌಸರ್ ತಾನೇ ಲ್ಯಾಕ್ಸ್ ಅಂದ್ಕೊಳ್ಳತ್ತೆ ಅಂತ ನೆಚ್ಕೋಬೇಡಿ. ಮತ್ತೆ ಲಾಗೌಟ್ ಒತ್ತಿದಾಗ ಸರ್ವರಲ್ಲೂ ಸೆಷನ್ ಅಳಿಸಿ.

ನಮ್ಮ ಹುಡುಗನ ವಿಷಯ ಬಾಕಿ ಉಳೀತು. ಅವತ್ತು ಆ ಹುಡುಗಿ ಫೋನ್ ಇಡೋ ಮುಂಚೆನೇ ಅಲ್ಲಿ ಸೈನ್ ಔಟ್ ಒತ್ತಿದ್ಲು, ಆದ್ರೂ ಇವನಿಗೆ ಸಮಾಧಾನ ಇಲ್ಲ. ಗೂಗಲ್ ಅಕೌಂಟ್ ತೆಗೆಸಿ, ಸೆಕ್ಯುರಿಟಿ ಒಳಗೆ ಯುವರ್ ಡಿವೈಸಸ್ ಅಂತ ಇರತ್ತಲ್ಲ, ಅಲ್ಲಿ ಹೋಗು ಅಂದೆ. ನಿಮ್ಮ ಬಿಲ್ಲೆ ಎಲ್ಲೆಲ್ಲಿ ಜೀವಂತ ಇದೆ ಅನ್ನೋದರ ಪಟ್ಟಿ ಅದು, ಅಲ್ಲಿಂದಲೇ ಒಂದೊಂದನ್ನೂ ರದ್ದು ಮಾಡಬಹುದು. ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ಅಂತಿರೋದೂ ಇದೇ ಥರದ ಪಟ್ಟಿ, ಫೇಸ್‌ಬುಕ್ ಇನ್‌ಸ್ಟಾಗ್ರಾಮಲ್ಲಿ ವೇರ್ ಯೂ ಆರ್ ಲಾಗ್ಡ್ ಇನ್ ಅಂತ ಇರತ್ತೆ. ಅವನು ಒಂದೊಂದೇ ಓದ್ತಾ ಹೋದ, ಈ ಫೋನು, ಅಣ್ಣನ ಲ್ಯಾಪ್‌ಟಾಪು, ಕಾಲೇಜ್ ಲ್ಯಾಬಿನ ಒಂದು ವಿಂಡೋಸ್, ಆಮೇಲೆ ಎರಡು ವರ್ಷದ ಹಿಂದೆ ಎಕ್ಸ್‌ಚೇಂಜಲ್ಲಿ ಕೊಟ್ಟಿದ್ದ ಹಳೇ ಫೋನು. "ಅಣ್ಣ ಇದು ಇನ್ನೂ ಇದೆ" ಅಂದ. ಅದರ ಮೇಲೆ ಒತ್ತಿ ಸೈನ್ ಔಟ್ ಅನ್ನು ಅಂದೆ, ಲ್ಯಾಬಿಂದೂ ತೆಗೆದ, ಆಮೇಲೆ ಪಾಸ್‌ವರ್ಡ್ ಬದಲಾಯಿಸಿದ. ಫೋನ್ ಇಟ್ಟ ಮೇಲೆ ನಾನೂ ನನ್ನ ಪಟ್ಟಿ ತೆಗೆದು ನೋಡಿದೆ, ಬಿಟ್ಟು ಬಂದ ಹಳೇ ಆಫೀಸಿನ ಕಂಪ್ಯೂಟರ್ ಒಂದು ಇತ್ತು.